ದೂರ ಹೊಡೆಯುವ ಬ್ಯಾಟರಿ

ದೊಡ್ಡ ಮಾವ ತೀರಿಕೊಂಡ ಮೇಲೆ ಅವರ ಕೋಣೆ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮಂಚದ ಕೆಳಗೆ ಒಂದು ತಗಡಿನ ಟ್ರಂಕು. ಪಂಚೆ, ಶಲ್ಯ ಇರಬಹುದೆಂದು ಎಳೆದು ನೋಡಿದರೆ ಬರೀ ಬ್ಯಾಟರಿಗಳು. ನಮ್ಮ ಚಳ್ಳಕೆರೆ ಕಡೆ ಟಾರ್ಚ್ ಎಂದು ಯಾರೂ ಹೇಳುವುದಿಲ್ಲ. ಕೈಯಲ್ಲಿ ಹಿಡಿಯುವುದು ಬ್ಯಾಟರಿ, ಅದರ ಹೊಟ್ಟೆಗೆ ಹಾಕುವುದು ಶೆಲ್ಲು, ಬೆಳಕು ಹಾಯಿಸುವುದಕ್ಕೆ ಬ್ಯಾಟರಿ ಬಿಡುವುದು ಎನ್ನುತ್ತೇವೆ. ಒಂದೊಂದನ್ನೂ ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಶೆಲ್ಲು ಒಸರಿ ಹಾಳಾಗದಿರಲೆಂದು ತೆಗೆದು ಬೇರೆ ಇಟ್ಟಿದ್ದರು. ಹೆಂಡತಿ ಕಾಯಿಲೆ ಬಿದ್ದಾಗ ಇಷ್ಟು ಜತನ ಮಾಡಿದ್ದನ್ನು ನಾನು ನೋಡಿಲ್ಲ.

ಸಾವಿಗೆ ಬಂದವರೆಲ್ಲ, "ನೇರ ಮನುಷ್ಯ, ಹಿಂದೊಂದು ಮುಂದೊಂದು ಇರ್ಲಿಲ್ಲ" ಎಂದು ಹೇಳಿ ಕಾಫಿ ಕುಡಿದು ಹೋದರು. ನೇರ ಎನ್ನುವುದು ಸುಳ್ಳಲ್ಲ. ಬ್ಯಾಟರಿಯ ಬೆಳಕೂ ನೇರವಾಗಿಯೇ ಹೋಗುತ್ತದೆ. ಅದು ಯಾರ ಕಣ್ಣಿಗೆ ಹೋಗಿ ಬೀಳುತ್ತಿತ್ತು ಎನ್ನುವುದನ್ನು ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ.

ಅವರು ನನ್ನ ಗಂಡನ ದೊಡ್ಡಪ್ಪ. ಚಳ್ಳಕೆರೆಯ ಬಜಾರಿನಲ್ಲಿ ರೇಷ್ಮೆ ಸೀರೆ ಅಂಗಡಿ, ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ಅವರದೇ ಮಗ್ಗಗಳು. ನನ್ನ ತವರು ಅದೇ ಬೀದಿಯ ಪಕ್ಕ. ಮದುವೆಯಾಗಿ ಬಂದ ದಿನದಿಂದ ಅವರ ಊಟ ತಿಂಡಿ ನೋಡಿಕೊಂಡವಳು ನಾನು. ಮಟಮಟ ಮಧ್ಯಾಹ್ನ, ಕಿಟಕಿ ತೆರೆದಿದ್ದಾಗಲೂ, ತಟ್ಟೆಗೆ ಬ್ಯಾಟರಿ ಬಿಟ್ಟು ಮುದ್ದೆಯೊಳಗಿನ ಗಂಟು ತೋರಿಸುತ್ತಿದ್ದರು. ಒಮ್ಮೆ ಸಾರಿನಲ್ಲಿ ಕೂದಲು ಸಿಕ್ಕಿತು. ಬೆಳಕಿನಲ್ಲಿ ಎತ್ತಿ ಹಿಡಿದು, "ಇದು ನಿಂದಾ, ನಿಮ್ಮತ್ತೇದಾ? ಬಿಳಿ ಐತೆ. ನಿಮ್ಮತ್ತೇದೇ ಇರ್ಬೇಕು. ನಿಂಗೂ ಬರ್ತೈತೆ ಬಿಡು" ಎಂದರು. ನಂತರ ಪೂರ್ತಿ ಉಂಡೆದ್ದರು. ಅನ್ನ ಬಿಟ್ಟು ಏಳುವ ಅಭ್ಯಾಸ ಅವರಿಗಿರಲಿಲ್ಲ.

ಮುಸ್ಸಂಜೆಗೆ ಬಾಗಿಲಿಗೆ ಯಾರೇ ಬರಲಿ, ಮೊದಲು ಮುಖಕ್ಕೆ ಬ್ಯಾಟರಿ. ಜಗಲಿಯ ಬಲ್ಬು ಉರಿಯುತ್ತಿದ್ದರೂ ಅಷ್ಟೆ. ಬಂದವರು ಕಣ್ಣು ಕಿರಿದು ಮಾಡಿ ಅಂಗೈ ಅಡ್ಡ ಹಿಡಿದರೆ, "ಕೈ ತೆಗಿ, ಮುಖ ಕಾಣ್ಲಿ. ಈಗ ಹೇಳು, ಯಾತಕ್ಕೆ ಬಂದೆ?" ಮದುವೆಗೆ ಕರೆಯಲು ಬಂದವರೂ ಹಾಗೆ ಬೆಳಕಿನಲ್ಲಿ ನಿಂತೇ ಲಗ್ನಪತ್ರಿಕೆ ಕೊಟ್ಟು ಹೋಗಿದ್ದಾರೆ. ಬೆಳಕು ಬಿದ್ದವರಿಗೆ ಮಾವನ ಮುಖ ಕಾಣುತ್ತಿರಲಿಲ್ಲ. ಹಿಂದೆ ನಿಂತ ನನಗೆ ಕಾಣುತ್ತಿತ್ತು. ಅದರಲ್ಲಿ ಸಿಟ್ಟು ಇರುತ್ತಿರಲಿಲ್ಲ. ಸಂತೆಯಲ್ಲಿ ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವವರ ಮುಖ ಹೇಗಿರುತ್ತದೋ ಹಾಗಿರುತ್ತಿತ್ತು.

ನಮ್ಮ ಮನೆಯ ಹಿಂದೆ ಜಾಲಿಯ ಬಯಲು. ಮನೆಮನೆಗೆ ಪಾಯಖಾನೆ ಬರುವ ಮುಂಚೆ ಆ ಕಡೆಯ ಹೆಂಗಸರು ಕತ್ತಲಾಗುವುದನ್ನೇ ಕಾದು ಅಲ್ಲಿಗೆ ಹೋಗುತ್ತಿದ್ದರು. ಮಾವ ಹೊಸದೊಂದು ಬ್ಯಾಟರಿ ತಂದವರು ಮಾಳಿಗೆ ಹತ್ತಿ ಆ ಬಯಲಿಗೇ ಬಿಟ್ಟರು. ಜಾಲಿಯ ಮರೆಯಿಂದ ಒಬ್ಬೊಬ್ಬರೇ ಸೆರಗು ಮುಖಕ್ಕೆ ಹಾಕಿಕೊಂಡು ಎದ್ದು ನಿಂತರು. "ಎದ್ರು ನೋಡು, ಅಲ್ಲೀಗಂಟ ಹೊಡೀತೈತೆ" ಎಂದು ಮಾವ ಆರಿಸಿದರು. ಅವರ ಹೆಂಡತಿ, ನಮ್ಮ ದೊಡ್ಡತ್ತೆ, ಆಗಿನ್ನೂ ಬದುಕಿದ್ದರು. ಒಣಗಿದ ಬಟ್ಟೆ ತೆಗೆಯುತ್ತಿದ್ದವರು ಅಲ್ಲಿಂದಲೇ, "ನಿಮ್ಮವ್ವನೂ ಅಲ್ಲೇ ಹೋಗ್ತಿದ್ಲು" ಎಂದರು.

"ಆಗ ಇಂಥ ಬ್ಯಾಟರಿ ಇರ್ಲಿಲ್ಲ" ಎಂದರು ಮಾವ.

ಒಳ್ಳೆಯದನ್ನೂ ಬರೆಯಬೇಕು. ಕುಡಿತವಿಲ್ಲ, ಎಲೆಯಡಿಕೆಯೂ ಇಲ್ಲ. ನೇಕಾರರ ಕೂಲಿಯನ್ನು ಒಂದು ವಾರವೂ ತಡೆದವರಲ್ಲ. ನನಗೆ ಬಾಣಂತಿ ಜ್ವರ ಏರಿದಾಗ ಜೀಪು ತೆಗೆಸಿ ತಾವೇ ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮುಟ್ಟುವವರೆಗೂ ನನ್ನ ಅಪ್ಪ ಮದುವೆಗೆ ಕೊಟ್ಟ ಪಾತ್ರೆಗಳು ಎಷ್ಟು ತೆಳ್ಳಗಿದ್ದವು ಎಂಬುದನ್ನು ಡ್ರೈವರಿಗೆ ವಿವರಿಸುತ್ತಿದ್ದರು. ನನ್ನ ಜೀವ ಉಳಿಸಿದ್ದು ಅವರೇ.

ಹೊಸ ಬ್ಯಾಟರಿ ಕಂಡ ಕೂಡಲೇ ಕೊಳ್ಳುವವರೂ ಅವರಲ್ಲ. ಬಜಾರಿನ ಎಲೆಕ್ಟ್ರಿಕ್ ಅಂಗಡಿಯ ಸಾಬರು ಹೊಸ ಮಾಲು ಬಂದರೆ ಮೊದಲು ಇವರನ್ನೇ ಕರೆಯುತ್ತಿದ್ದರು. ನಾನು ಬರೆಯಹೊರಟಿರುವ ಆ ಬ್ಯಾಟರಿ ಬಂದ ದಿನ ನಾನೂ ಅಲ್ಲಿದ್ದೆ, ಮಿಕ್ಸಿ ರಿಪೇರಿಗೆ ಹೋಗಿದ್ದೆ.

"ಎಕ್ದಮ್ ನಯಾ ಮಾಲ್, ಸಾವ್ಕಾರ್. ಒಂದು ಕಿಲೋಮೀಟರ್ ಹೊಡೀತೈತೆ."

"ಕಿಲೋಮೀಟರ್ ಆಚೆ ನಂದೇನೈತೆ ಸಾಬ್ರೆ? ನಂಗೆ ಆಗದೋರೆಲ್ಲ ಕೈಗೆ ಸಿಗೋ ಹಂಗೇ ಅದಾರೆ."

ಸಾಬರು ನಕ್ಕು, ದುಡ್ಡು ಆಮೇಲೆ ಎಂದು ಕೈಗಿಟ್ಟರು. ನೋಡಿ ಹೇಳ್ತೀನಿ ಎಂದು ಮಾವ ಅದನ್ನು ಮನೆಗೆ ತಂದರು. ಹಳೆಯದು ಕಪ್ಪು ಪ್ಲಾಸ್ಟಿಕ್ಕಿನದು, ಬುರುಡೆ ದಪ್ಪ, ಹಾಲು ಚೆಲ್ಲಿದಂತೆ ಅಗಲಕ್ಕೆ ಹರಡುವ ಬೆಳಕು. ಹೊಸದು ಲೋಹದ್ದು, ಸಣ್ಣಗೆ ಉದ್ದಕ್ಕಿತ್ತು. ಮೂತಿ ತಿರುಗಿಸಿದರೆ ಬೆಳಕೆಲ್ಲ ಒಟ್ಟಾಗಿ ನೂಲಿನ ಹಾಗೆ ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಮಾಳಿಗೆ ಹತ್ತಿದರು. ನನ್ನನ್ನೂ ಕರೆದರು. ತಗೊಳ್ಳುವವನ ಕಣ್ಣನ್ನು ನಂಬಬಾರದು, ಅವನಿಗೆ ಆಗಲೇ ಆಸೆ ಹುಟ್ಟಿರುತ್ತದೆ ಎನ್ನುವುದು ಅವರ ಲೆಕ್ಕ. ಅದಕ್ಕೆ ಪರೀಕ್ಷೆಗೆ ಯಾವಾಗಲೂ ಬೇರೆಯವರ ಕಣ್ಣು.

"ನೀರಿನ ಟ್ಯಾಂಕ್ ಮ್ಯಾಲೆ ಅಕ್ಷರ ಕಾಣ್ತಾವೇನವ್ವಾ?"

"ಕಾಣ್ತವೆ ಮಾವ."

"ಓದು."

ಓದಿದೆ.

"ಹಳೇದ್ರಾಗೆ?"

"ಅದರಲ್ಲೂ ಓದೋಕೆ ಬರುತ್ತೆ."

"ಮತ್ಯಾತಕ್ಕೆ ಹೊಸದು? ಕೈಗೆ ಬಿಸಿ ಬ್ಯಾರೆ ಬರ್ತೈತೆ. ಅಕ್ಕಪಕ್ಕ ಏನೂ ಕಾಣಲ್ಲ. ಚೇಳು ಕಾಲಡಿ ಇರ್ತೈತೋ, ಟ್ಯಾಂಕ್ ಮ್ಯಾಲೆ ಇರ್ತೈತೋ?" ಎಂದು ಎರಡನ್ನೂ ಆರಿಸಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಹಳೇದು ತೋರಿಸ್ದೇ ಇದ್ದಿದ್ದನ್ನ ತೋರಿಸಿದ್ರೆ ತಗಂಬೇಕು. ಇಲ್ದಿದ್ರೆ ಸಾಬ್ರಿಗೆ ವಾಪಸ್" ಎಂದರು.

ಅದೇ ವಾರ ಮೊಳಕಾಲ್ಮುರಿನಿಂದ ಸೀರೆಗಳು ಬಂದವು. ಸೀರೆ ನೋಡುವುದಕ್ಕೂ ಅವರಿಗೆ ಬ್ಯಾಟರಿಯೇ. ಅಂಗಡಿಯ ಒಳಕೋಣೆಯ ಬಾಗಿಲು ಹಾಕಿ, ನಾನೂ ನನ್ನ ಗಂಡನೂ ಸೀರೆಯ ಎರಡು ತುದಿ ಹಿಡಿದು ನಿಂತರೆ, ಅವರು ಕೆಳಗಿನಿಂದ ಬೆಳಕು ಬಿಡುತ್ತ ಬರುತ್ತಿದ್ದರು. ನೇಯುವಾಗ ಎಳೆ ತಪ್ಪಿದ್ದರೆ ಅಲ್ಲಿ ಬೆಳಕಿನ ಗೆರೆ ಮೂಡುತ್ತದೆ. ಅವತ್ತು ನೇಕಾರ ಕದಿರಪ್ಪ ನೇಯ್ದ ಸೀರೆಯಲ್ಲಿ ಗೆರೆ ಮೂಡಿತು. ಕೂದಲಿನಷ್ಟು ಸಣ್ಣದು. ನನಗೆ ಕಂಡಿತು. ಮಾವನ ಕೈ ಅದನ್ನು ದಾಟಿ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. "ಚೆನ್ನಾಗೈತೆ. ಮಡಿಸು" ಎಂದರು. ಕಾಣಲಿಲ್ಲ, ಬದುಕಿದೆವು ಎಂದುಕೊಂಡೆ.

ಕದಿರಪ್ಪನನ್ನು ನಾನು ಚಿಕ್ಕಂದಿನಿಂದ ಕದಿರಣ್ಣ ಎಂದೇ ಕರೆಯುವುದು. ಅವನ ಕಣ್ಣು ಮಂಜಾಗುತ್ತಿರುವ ಸಂಗತಿ ನನಗೆ ಮೊದಲೇ ಗೊತ್ತಿತ್ತು. ನಾನು ತವರಿಗೆ ಹೋದಾಗೊಮ್ಮೆ ಅವನ ಹೆಂಡತಿ ಲಕ್ಷ್ಮಕ್ಕ ನನ್ನ ಕೈ ಹಿಡಿದುಕೊಂಡು, "ತಾಯಿ, ನಿಮ್ಮನೇಲಿ ಬಾಯಿ ಬಿಡಬ್ಯಾಡ. ಮಗ್ಗ ಹೋದ್ರೆ ಈವಯ್ಯ ಉಳಿಯಲ್ಲ" ಎಂದಿದ್ದಳು. ಮಗ್ಗ ಮಾವನದು, ರೇಷ್ಮೆ ಮಾವನದು, ಕದಿರಣ್ಣನದು ಎನ್ನುವುದು ಕೈ ಮತ್ತು ಕಣ್ಣು ಮಾತ್ರ. ಲಕ್ಷ್ಮಕ್ಕ ಅವನ ಪಕ್ಕ ಕೂತು ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕಿ ಕೊಡುತ್ತಿದ್ದಳು, ಅವನು ಬೆರಳಿನ ಅಂದಾಜಿನಲ್ಲಿ ನೇಯುತ್ತಿದ್ದ. ಡಾಕ್ಟರ ಹತ್ತಿರ ಹೋದರೆ ಸುದ್ದಿ ಚಳ್ಳಕೆರೆಗೆ ಮುಟ್ಟುತ್ತದೆಂದು ಅದಕ್ಕೂ ಹೋಗಿರಲಿಲ್ಲ.

ಆ ಬೀದಿಯವರ ಮನೆಮಾತು ತೆಲುಗು. ಮಾವ ಮೊದಲಿನಿಂದಲೂ, "ನಂಗೆ ನಿಮ್ಮ ತೆಲುಗು ಒಂದಕ್ಷರ ತಿಳಿಯಲ್ಲಪ್ಪ, ಕನ್ನಡದಾಗೆ ಹೇಳ್ರಿ" ಎನ್ನುತ್ತ ಬಂದಿದ್ದರು. ಹಾಗಾಗಿ ಬೀದಿಯವರು ಅವರ ಎದುರೇ ತೆಲುಗಿನಲ್ಲಿ ಎಲ್ಲವನ್ನೂ ಮಾತಾಡಿಕೊಳ್ಳುತ್ತಿದ್ದರು. ಯಾರ ಮನೆಯಲ್ಲಿ ಎಷ್ಟು ರೇಷ್ಮೆ ಉಳಿದಿದೆ, ಯಾರು ಬೇರೆ ಸಾಹುಕಾರನ ಹತ್ತಿರ ಮಾತಾಡಿ ಬಂದಿದ್ದಾರೆ, ಎಲ್ಲ. ಮಾವನನ್ನು ಬೈಯುವುದಿದ್ದರೂ ಅಲ್ಲೇ ನಗುನಗುತ್ತ ಬೈಯುತ್ತಿದ್ದರು. ಮಾವನೂ ನಗುತ್ತಿದ್ದರು. ತಿಳಿಯುವುದಿಲ್ಲವೆಂದು ನಾನೂ ನಂಬಿದ್ದೆ.

ಸೀರೆ ನೋಡಿದ ಮಾರನೆಯ ದಿನ, "ನಡಿಯವ್ವಾ, ತವರು ನೋಡಿದಂಗಾಗ್ತೈತೆ. ಮೊಳಕಾಲ್ಮುರಿನ ಗುಡ್ಡಕ್ಕೆ ಬಿಟ್ಟು ನೋಡಾಣ ಈ ಬ್ಯಾಟರೀನ" ಎಂದು ಜೀಪು ಹತ್ತಿಸಿದರು.

ನಾವು ಹೋಗುವ ಹೊತ್ತಿಗೆ ಹೊತ್ತು ಮುಳುಗಿತ್ತು, ಬೀದಿಯಲ್ಲಿ ಕರೆಂಟು ಹೋಗಿತ್ತು. ಮಗ್ಗ ನಿಲ್ಲಿಸಿ ಎಲ್ಲರೂ ಬಾಗಿಲಿಗೆ ಬಂದು ಕೂತಿದ್ದರು. ಬೀದಿಯ ಕೊನೆಗೆ ನಿಂತರೆ ಎದುರಿಗೆ ಗುಡ್ಡ. ಅದರ ನೆತ್ತಿಯ ಬಂಡೆಯ ಮೇಲೆ ಯಾವುದೋ ಚುನಾವಣೆಯಲ್ಲಿ ಸೋತವರೊಬ್ಬರು ಸುಣ್ಣದಲ್ಲಿ ಬರೆಸಿದ ತಮ್ಮ ಗುರುತಿನ ಹೊಲಿಗೆ ಮಿಷನ್ನಿನ ಚಿತ್ರ ಇನ್ನೂ ಉಳಿದಿತ್ತು. ಮಾವ ಎರಡು ಕೈಯಲ್ಲಿ ಎರಡು ಬ್ಯಾಟರಿ ಹಿಡಿದು ನಿಂತರು. ಬೀದಿಯೇ ಸುತ್ತ ನೆರೆಯಿತು.

"ಸಾವ್ಕಾರ್ರೆ, ಗುಡ್ಡದ ಕರಡಿ ಮ್ಯಾಲೆ ಬಿಟ್ಟೀರ. ಅದು ಇಳಿದು ಬಂದು ಯಾಕ್ರೀ ಎಬ್ಬಿಸಿದ್ರಿ ಅಂತ ನಿಮ್ಮನ್ನೇ ಕೇಳ್ತೈತೆ" ಎಂದು ಯಾರೋ ತಮಾಷೆ ಮಾಡಿದರು.

"ಕೇಳ್ಲಿ. ಅದರ ಮುಖಾನೂ ನೋಡಾಣ" ಎಂದು ಮಾವ ಕತ್ತು ತಿರುಗಿಸಿದರು. "ಎಲ್ಲೋ ಕದಿರಪ್ಪ? ಬಾರಲೇ ಇಲ್ಲಿ. ನಿನ್ನಂಥ ಕಣ್ಣು ಈ ತಾಲೂಕ್ನಾಗೆ ಇಲ್ಲ. ನೀನು ಹೂಂ ಅಂದ್ರೆ ತಗಂತೀನಿ, ಊಹೂಂ ಅಂದ್ರೆ ಸಾಬ್ರಿಗೆ ವಾಪಸ್."

ಕದಿರಣ್ಣ ಬಂದ. ಹಿಂದೆಯೇ ಲಕ್ಷ್ಮಕ್ಕ. ಮಾವ ಹೊಸದನ್ನು ಬಿಟ್ಟರು. ಬೆಳಕು ಹೋಗಿ ಗುಡ್ಡದ ನೆತ್ತಿಯ ಬಂಡೆಗೆ ತಾಗಿತು. ನನಗೆ ಮಿಷನ್ನು ಕಂಡಿತು, ಅದರ ಚಕ್ರ ಕಂಡಿತು, ಚಕ್ರದ ಕೆಳಗೆ ಸುಣ್ಣ ಸೋರಿ ಇಳಿದದ್ದೂ ಕಂಡಿತು.

"ಏನು ಕಾಣ್ತೈತೆ ಹೇಳು."

ಕದಿರಣ್ಣ ಕಣ್ಣು ಅರಳಿಸಿದ, ಕಿರಿದು ಮಾಡಿದ, ಕತ್ತು ಮುಂದೆ ಚಾಚಿದ. ಆಮೇಲೆ ಹೆಂಡತಿಯ ಕಡೆ ಬಾಗಿ ಮೆಲ್ಲಗೆ, "ಚೂಪು ಆನಟ್ಲೇದೇ" ಎಂದ. ನೋಟ ನಿಲುಕುತ್ತಿಲ್ಲ ಕಣೇ ಎಂದು ಅದರ ಅರ್ಥ. ತೆಲುಗಿನಲ್ಲಿ ಚೂಪು ಎಂದರೆ ನೋಟ. ನಮ್ಮ ಕನ್ನಡದಲ್ಲಿ ಚೂಪು ಎಂದರೆ ಮೊನೆ.

"ಏನಂದೆ? ಚೂಪಿಲ್ವಾ?" ಎಂದರು ಮಾವ.

ಲಕ್ಷ್ಮಕ್ಕ ಒಂದು ಕ್ಷಣವೂ ತಡಮಾಡಲಿಲ್ಲ. "ಹೌದ್ರಿ ಸಾವ್ಕಾರ್ರೆ, ಹೊಸ ಬ್ಯಾಟರಿಗೆ ಚೂಪಿಲ್ಲ ಅಂತಾರೆ. ಬೆಳಕು ಮೊಂಡಾಗೈತಂತೆ."

ಬೀದಿಗೆ ಹೋದ ಜೀವ ಬಂತು. ಎಲ್ಲರೂ, ಹೌದು, ಮೊಂಡು, ಮೊಂಡು ಎಂದರು. ಅವರೆಲ್ಲರಿಗೂ ಕದಿರಣ್ಣನ ಕಣ್ಣಿನ ವಿಷಯ ಗೊತ್ತಿತ್ತು ಎಂಬುದು ನನಗೆ ಆಗಲೇ ತಿಳಿದದ್ದು.

"ಮೊಂಡಾ? ಆಗ್ಲಿ" ಎಂದು ಮಾವ ಹೊಸದನ್ನು ಆರಿಸಿದರು. "ಹಳೇದ್ರಾಗೆ ನೋಡು ಮತ್ತೆ. ಕಾಣ್ತೈತಾ?"

"ಕಾಣ್ತೈತೆ ಸಾವ್ಕಾರ್ರೆ."

"ಏನು?"

"ಹೊಲಿಗೆ ಮಿಷನ್ನು."

"ಪೂರ್ತಿ?"

"ಚಕ್ರ ಸಮೇತ."

ಮಾವ ಹಳೆಯ ಬ್ಯಾಟರಿಯನ್ನು ಬಂಡೆಗೆ ಬಿಟ್ಟಿರಲೇ ಇಲ್ಲ. ಕೈ ಪಕ್ಕಕ್ಕೆ ತಿರುಗಿಸಿ, ಬರೀ ಗೋಡೆಯೊಂದಕ್ಕೆ ಬಿಟ್ಟುಕೊಂಡು ನಿಂತಿದ್ದರು. ಬೀದಿಗೆಲ್ಲ ಕಾಣುತ್ತಿತ್ತು. ಕದಿರಣ್ಣನೊಬ್ಬ ಗುಡ್ಡದ ಕಡೆ ಮುಖ ಮಾಡಿ, ಸರಿಯಾಗಿ ಹೇಳಿದೆನೆಂಬ ಸಮಾಧಾನದಲ್ಲಿ ನಿಂತಿದ್ದ. ಲಕ್ಷ್ಮಕ್ಕ ಅವನ ತೋಳು ಹಿಡಿದಳು.

ಮಾವ ಆ ಹಳೆಯ ಬ್ಯಾಟರಿಯನ್ನು ಅವನ ಕೈಗಿಟ್ಟು, ಬೆರಳು ಮಡಿಸಿ, ಆ ಬೀದಿಯಲ್ಲಿ ಹುಟ್ಟಿದವರ ಹಾಗೆ ಸ್ವಚ್ಛ ತೆಲುಗಿನಲ್ಲಿ ಹೇಳಿದರು: "ಚೂಪು ಆನನೋನಿಕಿ ಪಾತದೇ ಚಾಲು."

ನೋಟ ನಿಲುಕದವನಿಗೆ ಹಳೆಯದೇ ಸಾಕು.

ಕದಿರಣ್ಣನ ಕಣ್ಣಿನ ಗುಟ್ಟು ಹೊರಬಿದ್ದದ್ದಕ್ಕೆ ಬೀದಿ ಹೆದರಿತೋ, ಇಷ್ಟು ವರ್ಷ ಇವರೆದುರು ಆಡಿದ ಮಾತುಗಳಿಗೆ ಹೆದರಿತೋ ಹೇಳಲಾರೆ. ಒಬ್ಬೊಬ್ಬರಾಗಿ ಒಳಗೆ ಸರಿದರು. ಕರಡಿಯ ತಮಾಷೆ ಮಾಡಿದವನು ಎಲ್ಲರಿಗಿಂತ ಮೊದಲು ಬಾಗಿಲು ಹಾಕಿಕೊಂಡ.

ವಾಪಸು ಬರುವಾಗ ಜೀಪಿನಲ್ಲಿ ಮಾವ ಹೊಸದರ ಮೂತಿಯನ್ನು ಅತ್ತ ಇತ್ತ ತಿರುಗಿಸುತ್ತ ಕೂತಿದ್ದರು. "ತಗಂಬೌದು. ಹಳೇದು ತೋರಿಸ್ದೇ ಇದ್ದಿದ್ದನ್ನ ತೋರಿಸ್ತು" ಎಂದರು. ನಾನು ತಡೆಯಲಾರದೆ, "ಸೀರೆ ನೋಡಿದಾಗಲೇ ನಿಮಗೆ ಗೊತ್ತಾಗಿತ್ತಲ್ಲ ಮಾವ" ಎಂದೆ. "ನಂಗೆ ಗೊತ್ತಾದ್ರೆ ಆತಾ? ಅವನ ಕೈಲೇ ಹೇಳಿಸ್ಬೇಕಿತ್ತು. ಇಲ್ದಿದ್ರೆ ಊರೆಲ್ಲ ನನ್ನೇ ಬಯ್ಯೋದು. ಸೀರೆ ಉಡೋಳು ಕದಿರಪ್ಪನ ಮುಖ ನೋಡಿ ಉಡ್ತಾಳೇನವ್ವಾ?" ಆ ಮಾತು ಸುಳ್ಳಲ್ಲ. ಅದಕ್ಕೇ ಅವರು ನನಗೆ ಹೆಚ್ಚು ಕ್ರೂರಿಯಾಗಿ ಕಾಣುತ್ತಾರೆ.

ಮಗ್ಗದ ಮೇಲೆ ಅರ್ಧ ಆಗಿದ್ದ ಸೀರೆಯನ್ನೂ ಅವನಿಗೆ ಮುಗಿಸಗೊಡಲಿಲ್ಲ. ಹಾಸಿನ ಎಳೆಗಳನ್ನು ಕತ್ತರಿಸಿ, ಮಗ್ಗದ ಮರ ಬಿಚ್ಚಿ ಹೊರಗೆ ತಂದು, ಬೇರೆಲ್ಲೂ ಸಾಗಿಸದೆ ಎದುರು ಮನೆಯಲ್ಲೇ ಹೂಡಿಸಿದರು. ಕದಿರಣ್ಣ ಕಾಲಿಳಿಬಿಟ್ಟು ಕೂರುತ್ತಿದ್ದ ಮಗ್ಗದ ಗುಂಡಿ ಹಾಗೇ ಉಳಿಯಿತು. ಲಕ್ಷ್ಮಕ್ಕ ಅದಕ್ಕೆ ಸೌದೆ ತುಂಬಿದಳು. ತನ್ನ ಮಗ್ಗದ ಸದ್ದು ಎದುರು ಮನೆಯಿಂದ ಬರುವಾಗ ಕದಿರಣ್ಣ ಜಗಲಿಯಲ್ಲಿ ಕೂತಿರುತ್ತಿದ್ದ. ಆ ಮನೆಯವರು ಒಳ್ಳೆಯವರು, ಅವನು ಕೂತಾಗ ಸಾಧ್ಯವಾದಷ್ಟು ಮೆಲ್ಲಗೆ ನೇಯಲು ನೋಡುತ್ತಿದ್ದರು. ಮಗ್ಗ ಮೆಲ್ಲಗೆ ಸದ್ದು ಮಾಡುವುದಿಲ್ಲ.

ಮುಚ್ಚಿಡುವುದು ಇನ್ನೇನೂ ಉಳಿಯದೆ ಲಕ್ಷ್ಮಕ್ಕ ಅವನನ್ನು ದುರ್ಗಕ್ಕೆ ಕರೆದೊಯ್ದಳು. ಬರೀ ಪೊರೆ. ತೆಗೆದರು. ನೋಟ ಬಂತು. ಇಷ್ಟೇ ಆಗಿತ್ತೇ ಎಂದು ಡಾಕ್ಟರು ಕೇಳಿದರಂತೆ. ಪಟ್ಟಿ ಬಿಚ್ಚಿದ ಮೇಲೆ ಗಂಡಹೆಂಡಿರು ಚಳ್ಳಕೆರೆಗೆ ಬಂದರು. ಮಾವ ಊಟಕ್ಕೆ ಕೂತಿದ್ದರು. ಎಡಗೈಯಲ್ಲಿ ಬ್ಯಾಟರಿ ತೆಗೆದು, ಹಾಡುಹಗಲಿನಲ್ಲಿ, ಅವನ ಕಣ್ಣಿಗೆ ಬಿಟ್ಟು ಒಂದಾದ ಮೇಲೊಂದು ನೋಡಿದರು.

"ಬಂದೈತೆ ಬಿಡು."

"ಮಗ್ಗ ಕೊಡ್ರಿ ಸಾವ್ಕಾರ್ರೆ. ಈಗ ಎಲ್ಲಾ ಕಾಣ್ತೈತೆ."

"ಕಾಣೋದು ಬ್ಯಾರೆ, ಕಾಣ್ತೈತೆ ಅಂತ ನಾನು ನಂಬೋದು ಬ್ಯಾರೆ."

"ಒಂದೇ ಒಂದು ಸೀರೆ ನೇಯ್ದು ತೋರಿಸ್ತೀನಿ."

"ನೀನು ಮಿಷನ್ನೂ ತೋರಿಸಿದ್ದೆ. ಚಕ್ರ ಸಮೇತ." ಹೀಗೆಂದು ಮಾವ ಮಜ್ಜಿಗೆ ಕೇಳಿದರು. ನಾನು ಬಡಿಸಿದೆ. ಆಮೇಲೂ ಕದಿರಣ್ಣ ಹಬ್ಬಕ್ಕೊಮ್ಮೆ ಬಂದು ಕೇಳುತ್ತಿದ್ದ. ಪ್ರತಿ ಸಲವೂ ಅದೇ ಮಾತು. ಚಕ್ರ ಸಮೇತ ಎಂಬುದು ನಮ್ಮ ಮನೆಯ ಗಂಡಸರ ಬಾಯಲ್ಲಿ ನಗೆಮಾತಾಗಿ ನಿಂತಿತು.

ಮಾವ ಹೋದದ್ದು ನಸುಕಿನಲ್ಲಿ, ನಿದ್ದೆಯಲ್ಲೇ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಪಡಸಾಲೆಯಲ್ಲಿ ಕುರ್ಚಿ ಹಾಕಿ, ಹಣೆಗೆ ವಿ​ಭೂತಿ ಬಳಿದು, ಹೂವಿನ ಹಾರ ಹಾಕಿ, ಬಾಯಿ ತೆರೆದುಕೊಳ್ಳದಿರಲೆಂದು ಗದ್ದಕ್ಕೆ ಬಿಳಿ ಬಟ್ಟೆ ಬಿಗಿದು ನೆತ್ತಿಯ ಮೇಲೆ ಗಂಟು ಹಾಕಿದ್ದರು. ಮೊಳಕಾಲ್ಮುರಿನ ಬಸ್ಸಿಗೆ ಕದಿರಣ್ಣ, ಲಕ್ಷ್ಮಕ್ಕ ಬಂದರು. ಕದಿರಣ್ಣ ಹಾರ ಹಾಕಲಿಲ್ಲ, ಕಾಲು ಮುಟ್ಟಲಿಲ್ಲ. ಕುರ್ಚಿಯ ಮುಂದೆ ನಿಂತು ಆ ಮುಖವನ್ನು ನೋಡಿದ. ಸಾಲಿನಲ್ಲಿ ಹಿಂದಿದ್ದವರು ಮುಂದೆ ಸರಿಯಪ್ಪ ಎನ್ನುವವರೆಗೂ ನೋಡಿದ. ಆಮೇಲೆ ಪಕ್ಕದಲ್ಲಿ ನಿಂತಿದ್ದ, ಇನ್ನು ಮಗ್ಗಗಳಿಗೆಲ್ಲ ಒಡೆಯನಾದ ಮಾವನ ಮಗನ ಕಡೆ ತಿರುಗಿದ.

"ಮಗ್ಗ ಕೊಡ್ತೀರಾ?"

ಮಗ ದಿಗಿಲಾಗಿ ಸುತ್ತ ನೋಡಿದ. "ಇದೇನು ಕದಿರಪ್ಪ, ಹೆಣ ಎತ್ತಿಲ್ಲ ಇನ್ನೂ. ಆಮ್ಯಾಲೆ ಮಾತಾಡಾಣ."

"ಆಮ್ಯಾಲೆ ಬ್ಯಾಡ. ಇವರ ಎದುರಿಗೇ ಕೇಳ್ಬೇಕು ಅಂತ ಮೊದಲ್ನೇ ಬಸ್ಸಿಗೆ ಬಂದೆ. ಇಲ್ಲ ಅನ್ಲಿ ಈಗ."

ಅಳುತ್ತಿದ್ದವರು ಅಳು ನಿಲ್ಲಿಸಿದರು. ಬೀಗರು, ಬಜಾರಿನವರು, ಮಠದವರು, ಎಲ್ಲರೂ ಮಗನ ಬಾಯನ್ನೇ ನೋಡುತ್ತಿದ್ದರು. ಅವನು ಒಮ್ಮೆ ಅಪ್ಪನ ಕಡೆ ನೋಡಿದ, ಏನಾದರೂ ಹೇಳಿಕೊಡಬಹುದೆಂಬಂತೆ. ಆಮೇಲೆ ನೆಲ ನೋಡಿಕೊಂಡು, "ಕೊಡ್ತೀನಿ, ತಗಂಡೋಗು" ಎಂದ.

ಅಷ್ಟು ಜನರ ನಡುವೆ, ಸಾವಿನ ಮನೆಯಲ್ಲಿ, ಕೇಳಲು ಬಂದವನಿಗೆ ಇಲ್ಲ ಎನ್ನುವ ಗಟ್ಟಿತನ ನಮ್ಮ ಮನೆಯಲ್ಲಿ ಇದ್ದದ್ದು ಒಬ್ಬರಿಗೇ. ಅವರು ಬಾಯಿ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು.